ಮುಂದ್ಲ ಅ, ಇಂದ್ಲ ಅ

ಕ್ಯಾತನಹಳ್ಳಿಯ ಇಂದ್ರಮ್ಮನ ಮೊಮ್ಮಗಳು ರಂಜಿತಳಿಗೆ ಮಾತು ಬಂದದ್ದೇ ತಡ, ಆ ಮನೆಯಲ್ಲಿ ಬೇರೆ ಯಾರಿಗೂ ಮಾತಾಡುವ ಸರದಿ ಸಿಗದೆ ಹೋಯಿತು. ಮೂರು ತುಂಬಿ ನಾಲ್ಕಕ್ಕೆ ಬಿದ್ದ ಮಗು. ಅರಳು ಹುರಿದಂತೆ ಮಾತು. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಉಂಡಿರಾ ಎಂದು ವಿಚಾರಿಸಬೇಕು, ಕೋಳಿ ಕಾವಿಗೆ ಕೂತರೆ ಅದರ ಪಕ್ಕದಲ್ಲೇ ಕೂತು ಸಮಾಧಾನ ಹೇಳಬೇಕು, ಗೋಡೆಯ ಮೇಲೆ ಹಲ್ಲಿ ಕಂಡರೆ "ಅಜ್ಜಿ, ಅಲ್ಲಿ ಅಲ್ಲಿ" ಎಂದು ಕೂಗಬೇಕು. ಅಲ್ಲಿ ಹಲ್ಲಿ ಇದೆ ಎಂದು ಅದರ ಅರ್ಥ. ಹೊರಗಿನವರಿಗೆ ತಿಳಿಯದಿದ್ದರೆ ಅದು ಅವರ ಕರ್ಮ. ಆ ಸೀಮೆಯಲ್ಲಿ ಹಕಾರಕ್ಕೆ ಮೊದಲಿಂದಲೂ ಮರ್ಯಾದೆ ಕಡಿಮೆ. ಹೊಲ ಒಲವೇ, ಹಸು ಅಸವೇ. ಹಾಲು ಆಲಾದರೂ ಕೆನೆ ಕಟ್ಟುವುದನ್ನು ಬಿಟ್ಟಿಲ್ಲ.

ಮಗು ಬೆಳೆದದ್ದು ಇಂದ್ರಮ್ಮನ ಸೊಂಟದ ಮೇಲೆಯೇ. ಮಗ ತಿಮ್ಮೇಶ ಕಬ್ಬು ಸಾಗಿಸುವ ಟ್ರಾಕ್ಟರಿನ ಡ್ರೈವರು; ಕಟಾವಿನ ಕಾಲದಲ್ಲಿ ಅವನ ಮುಖ ಕಂಡವರೇ ಪುಣ್ಯವಂತರು. ಸೊಸೆ ಅಂಬಿಕ ಶ್ರೀರಂಗಪಟ್ಟಣದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಟೋಕನ್ ನಂಬರು ಕೂಗಿ ರೋಗಿಗಳನ್ನು ಒಳಗೆ ಬಿಡುವ ಕೆಲಸಕ್ಕೆ ಬೆಳಗಿನ ಬಸ್ಸು ಹತ್ತಿದರೆ, ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಅಜ್ಜಿಯೂ ಮೊಮ್ಮಗಳೂ ಮಾತಾಡುತ್ತಲೇ ಇರುತ್ತಿದ್ದರು.

ಒಂದು ಸಂಜೆ ಅಂಬಿಕ ಚಿತ್ರದ ಪುಸ್ತಕವೊಂದನ್ನು ತಂದಳು. ಮಗು ಕಚ್ಚಿದರೂ ಹರಿಯದಂಥ ದಪ್ಪ ಹಾಳೆ, ಹಾಳೆಗೊಂದು ದೊಡ್ಡ ಅಕ್ಷರ, ಅದರ ಕೆಳಗೆ ಬಣ್ಣದ ಚಿತ್ರ.

"ಬೇಸಿಗೆ ಕಳೆದ್ಮೇಲೆ ಪಾಂಡವಪುರದ ಸ್ಕೂಲಿಗೆ ಹಾಕ್ಬೇಕು ಅತ್ತೆ," ಎಂದಳು. "ಅಲ್ಲಿ ಮಗೂನ ಕೂರಿಸ್ಕೊಂಡು ಚಿತ್ರ ತೋರಿಸಿ ಮಾತಾಡಿಸ್ತಾರಂತೆ. ಚೆನ್ನಾಗಿ ಮಾತಾಡಿದ್ರೆ ಸೀಟು."

"ಮಾತಾಡ್ಸಾಕೆ ಇವಳೇ ಬೇಕಾ ಅವರ್ಗೆ," ಎಂದು ಇಂದ್ರಮ್ಮ ನಕ್ಕಳು. "ಸಾಕು ನಿಲ್ಸು ತಾಯಿ ಅಂತ ಸೀಟು ಕೊಟ್ಟಾರು."

ಮಾರನೆಯ ದಿನದಿಂದ ಜಗುಲಿಯ ಮೇಲೆ ಪಾಠ. ಇಂದ್ರಮ್ಮ ನಾಲ್ಕನೇ ಕ್ಲಾಸು ಓದಿದವಳು, ಅಕ್ಷರಕ್ಕೆ ಹೆದರುವವಳಲ್ಲ. ಮೊದಲ ಹಾಳೆಯಲ್ಲಿ ಅ. ಅದರ ಕೆಳಗೆ ಮೊರದ ತುಂಬ ಅಕ್ಕಿ, ಮೊರದ ಅಂಚಿಗೆ ಒಂದು ಗುಬ್ಬಿ. ಮಗು ನೋಡಿದ್ದೇ "ಅಕ್ಕಿ ಅಕ್ಕಿ ತಿಂತೈತೆ" ಎಂದಿತು. ಹಕ್ಕಿ ಅಕ್ಕಿ ತಿನ್ನುತ್ತಿದೆ, ನಿಜವೇ. ಕೊನೆಕೊನೆಯ ಹಾಳೆಯೊಂದರಲ್ಲಿ ಹ, ಅದರ ಕೆಳಗೆ ಕೊಂಬೆಯ ಮೇಲೆ ಕೂತ ನೀಲಿ ಹಕ್ಕಿ, ಜೊತೆಗೆ ಹಸು, ಹಣ್ಣು.

"ಇದೂ ಅಕ್ಕಿ. ಈ ಅಕ್ಸರ ಯಾವ್ದಜ್ಜಿ?"

"ಅ," ಎಂದಳು ಇಂದ್ರಮ್ಮ, ಮೇಷ್ಟ್ರು ತನಗೆ ಹೇಳಿಕೊಟ್ಟಿದ್ದ ಹಾಗೆಯೇ.

"ಅದೂ ಅ, ಇದೂ ಅ?"

ಪ್ರಶ್ನೆ ನ್ಯಾಯವಾಗಿತ್ತು. ಇಂದ್ರಮ್ಮ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ತೀರ್ಪು ಕೊಟ್ಟಳು. "ಅದು ಮುಂದ್ಲ ಅ ಕನವ್ವ. ಇದು ಇಂದ್ಲ ಅ."

ಮಗುವಿಗೆ ಅಷ್ಟು ಸಾಕಾಯಿತು. ಕೆಲವೇ ದಿನಗಳಲ್ಲಿ ಯಾವ ಹಾಳೆ ತೆಗೆದರೂ ತಡವರಿಸದೆ ಹೇಳತೊಡಗಿತು. ಮುಂದ್ಲ ಅ ಅಕ್ಕಿ, ಮುಂದ್ಲ ಅ ಅಳಿಲು, ಇಂದ್ಲ ಅ ಅಕ್ಕಿ, ಇಂದ್ಲ ಅ ಅಸ. ಒಂದು ಸಲವೂ ಅದಲುಬದಲಾಗಲಿಲ್ಲ. ಇಂದ್ರಮ್ಮನಿಗೆ ಹೆಮ್ಮೆ ಹಿಡಿಸಲಾರದಷ್ಟಾಗಿ, ಭಾನುವಾರ ಸೊಸೆಯನ್ನು ಕೂರಿಸಿ ಮೊಮ್ಮಗಳಿಂದ ಒಪ್ಪಿಸಿದಳು.

ಅಂಬಿಕಳ ಮುಖ ಮಾತ್ರ ಹಾಳೆ ತಿರುಗಿದಂತೆಲ್ಲ ಇಳಿಯುತ್ತ ಹೋಯಿತು. ಅವಳ ಕಷ್ಟ ಅವಳದು. ಅವಳೂ ದೇವಲಾಪುರದ ಕಡೆಯ ಹುಡುಗಿ, ಹಕಾರದ ಹಂಗಿಲ್ಲದೆ ಬೆಳೆದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಟೋಕನ್ ಅನ್ನೊಂದು" ಎಂದು ಕೂಗಿದಾಗ, ಕಣ್ಣಿಗೆ ಔಷಧ ಬಿಟ್ಟುಕೊಂಡು ಕೂತಿದ್ದ ಮೈಸೂರಿನವನೊಬ್ಬ "ಅನ್ನ ಒಂದೇನಾ ಮೇಡಂ, ಸಾರೂ ಇದೆಯಾ" ಎಂದು ಕೇಳಿದ್ದ. ಕಾದು ಕೂತವರೆಲ್ಲ ನಕ್ಕಿದ್ದರು. ಅವತ್ತಿನಿಂದ ಅಂಬಿಕ ಒಂದೊಂದು ಹಕಾರವನ್ನೂ ಕಷ್ಟಪಟ್ಟು ದುಡಿದಿದ್ದಳು. ಮಗಳಿಗೆ ಆ ನಗು ಕೇಳಿಸಬಾರದು ಎಂಬುದೊಂದೇ ಅವಳ ಆಸೆ, ಅದನ್ನು ತಪ್ಪೆನ್ನುವವರು ಯಾರು.

"ಅತ್ತೆ, ಇದು ಅ ಅಲ್ಲ. ಹ."

"ಅದ್ನೇ ಕನವ್ವ ನಾನೂ ಏಳ್ತಿರೋದು. ಅ."

ಅಂಬಿಕ ಮಗುವಿನ ಅಂಗೈಯನ್ನು ಅದರ ಬಾಯಿಯ ಮುಂದೆ ಹಿಡಿದಳು. ಉಸಿರು ಕೈಗೆ ತಾಕಬೇಕು, ತಾಕಿದರೆ ಹ, ಇಲ್ಲದಿದ್ದರೆ ಅ. ದಿನಾ ಸಂಜೆ ಅದೇ ಅಭ್ಯಾಸ. ಇಂದ್ರಮ್ಮನೂ ತನ್ನಿಂದ ಮಗು ಕೆಡಬಾರದೆಂದು ಕೊಟ್ಟಿಗೆಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಹಸುವಿನ ಮುಂದೆ ನಿಂತು ಕಲಿಯಲು ನೋಡಿದಳು. ಹ ಎಂದು ಉಸಿರು ಬಿಡುವಳು. ಉಸಿರು ಹೋದಮೇಲೆ, ಅದರ ಹಿಂದೆ ತಣ್ಣಗೆ ಅಸ ಬರುವುದು. ಎರಡೂ ಕೂಡುತ್ತಿರಲಿಲ್ಲ. ಹಸು ಸುಮ್ಮನೆ ಮೆಲುಕು ಹಾಕುತ್ತಿತ್ತು. ಸಾಲದ್ದಕ್ಕೆ, ಬೇಡದ ಕಡೆ ಹಕಾರ ಬಂದು ವಕ್ಕರಿಸತೊಡಗಿತು. ಪಕ್ಕದ ಮನೆಯ ದ್ಯಾವಮ್ಮ ತಿಂಡಿ ಏನು ಎಂದು ಕೇಳಿದಾಗ "ಹುಪ್ಪಿಟ್ಟು" ಎಂದುಬಿಟ್ಟಳು. ದ್ಯಾವಮ್ಮ ಅದನ್ನು ಊರೆಲ್ಲ ಹಂಚಿ ಬಂದಳು.

"ಬೇಜಾರು ಮಾಡ್ಕೋಬೇಡಿ ಅತ್ತೆ," ಎಂದು ಅಂಬಿಕ ಕೊನೆಗೆ ಕೈಹಿಡಿದು ಕೇಳಿಕೊಂಡಳು. "ಸೀಟು ಸಿಗೋವರೆಗೂ ಮಗು ಮುಂದೆ ಸ್ವಲ್ಪ ಮಾತು ಕಮ್ಮಿ ಮಾಡಿ. ಅದು ನಿಮ್ಮ ಬಾಯನ್ನೇ ನೋಡ್ಕೊಂಡು ಕಲಿಯುತ್ತೆ."

ಜೋರು ಮಾಡಿದ್ದರೆ ಇಂದ್ರಮ್ಮ ಎರಡು ಮಾತು ತಿರುಗಿಸಿ ಆಡುತ್ತಿದ್ದಳು. ಕೈಹಿಡಿದು ಕೇಳಿದವಳಿಗೆ ಏನು ಹೇಳುವುದು? ಆಯಿತು ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇದ್ದರೆ ಏನೇನು ಹೋಗುತ್ತದೆ ಎಂದು ಯಾವ ಗಾದೆಯೂ ಅವಳಿಗೆ ಹೇಳಿರಲಿಲ್ಲ.

ಮಗು ಉಸಿರಿನ ವಿದ್ಯೆಯನ್ನು ಬೇಗ ಕಲಿಯಿತು, ಅತಿಯಾಗಿ ಕಲಿಯಿತು. ಉಸಿರು ತಾಕಿದರೆ ಅಮ್ಮನಿಗೆ ಖುಷಿ ಎಂಬುದಷ್ಟೇ ಅದಕ್ಕೆ ತಿಳಿದದ್ದು. "ಹಜ್ಜಿ, ಹನ್ನ ಕೊಡು" ಎಂದಿತು. "ಹಮ್ಮ ಬಂದ್ಲು" ಎಂದು ಬಾಗಿಲಿಗೆ ಓಡಿತು. ಅಂಬಿಕ ಅಲ್ಲೇ ನಿಂತು ತಿದ್ದಿದಳು. ಹಮ್ಮ ಅಲ್ಲ, ಅಮ್ಮ. ಅಕ್ಕಿ ಅಲ್ಲ, ಹಕ್ಕಿ. ಮೊರದಲ್ಲಿರೋದು ಹಕ್ಕಿ ಅಲ್ಲ, ಅಕ್ಕಿ. ಮುಂದಿನದು ಹಿಂದಿನದು ಎಂದು ಮಗು ಅಚ್ಚುಕಟ್ಟಾಗಿ ಜೋಡಿಸಿಟ್ಟುಕೊಂಡಿದ್ದದ್ದೆಲ್ಲ ಕಲಸಿಹೋಯಿತು. ಅದು ಮಾತಿಗೆ ಮುಂಚೆ ನಿಲ್ಲತೊಡಗಿತು. ಬಾಯಿ ತೆರೆಯುವುದು, ಎದುರಿನವರ ಮುಖ ನೋಡುವುದು, ಮುಚ್ಚುವುದು.

ಒಂದು ರಾತ್ರಿ ಊಟದ ಹೊತ್ತಿಗೆ ತಿಮ್ಮೇಶ ಮನೆಯಲ್ಲಿದ್ದ. ಇಂದ್ರಮ್ಮ ಪುಸ್ತಕ ತಂದು ಬ ಅಕ್ಷರದ ಹಾಳೆ ತೋರಿಸಿದಳು. ಅಲ್ಲಿ ಗದ್ದೆಯ ಬದುವಿನ ಮೇಲೆ ಬೆಳ್ಳಗೆ ನಿಂತ ಹಕ್ಕಿಯ ಕೆಳಗೆ 'ಬೆಳ್ಳಕ್ಕಿ' ಎಂದು ಅಚ್ಚಾಗಿತ್ತು.

"ಇಲ್ಲಿ ಮಾತ್ರ ಅಕ್ಕಿ ಅಂತಲೇ ಐತಲ್ಲ ತಿಮ್ಮೇಸ. ಇದೆಂಗ್ಲಾ ಸರಿ?"

ತಿಮ್ಮೇಶ ಮುದ್ದೆ ಮುರಿಯುತ್ತಲೇ ನೋಡಿದ. "ಅಚ್ಚಾಕ್ದೋನು ನಮ್ ಕಡೆಯವ್ನಿರ್ಬೇಕು ಬುಡವ್ವ," ಎಂದ.

ಅವನು ನಕ್ಕ, ಅಂಬಿಕಳೂ ನಕ್ಕಳು. ಮಗು ನಗಲಿಲ್ಲ. ಎಲ್ಲರ ಬಾಯಿಗಳನ್ನೂ ಒಂದೊಂದಾಗಿ ನೋಡಿ ತಟ್ಟೆಯ ಕಡೆ ಬಗ್ಗಿತು. ಅನ್ನ ಬೇಕಾದಾಗ ಬೆರಳು ತೋರಿಸಿತು. ಆಮೇಲಾಮೇಲೆ ಕೋಳಿ, ಬಸ್ಸು, ಟ್ರಾಕ್ಟರು ಎಂಬ ಯಾವ ತಂಟೆಯೂ ಇಲ್ಲದ ಮಾತುಗಳೂ ಬರುವುದು ನಿಂತಿತು. ಹಗಲು ಜಗುಲಿಯ ಮೇಲೆ ಅಜ್ಜಿ ಒಂದು ಕಂಬಕ್ಕೆ, ಮೊಮ್ಮಗಳು ಇನ್ನೊಂದು ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಬೀದಿಯಲ್ಲಿ ಹೋಗುವವರು ತಾವೇ ನಿಂತು "ಏನವ್ವ, ಇವತ್ತು ಉಂಡ್ರಾ ಅಂತ ಕೇಳಾಕಿಲ್ವ?" ಎಂದರೆ ಮಗು ಸೆರಗಿನ ಹಿಂದೆ ಸೇರಿಕೊಳ್ಳುತ್ತಿತ್ತು. ಮಾತು ಕೊಟ್ಟಿದ್ದ ಇಂದ್ರಮ್ಮ ಅದರ ಬೆನ್ನು ಸವರುವಳು. ಬೆನ್ನು ಸವರಿದರೆ ಏನಾದೀತು, ಹೊಟ್ಟೆನೋವೇ ಅದು?

ಸ್ಕೂಲಿಗೆ ಹೋಗುವ ದಿನ ಮಗು ಅಜ್ಜಿಯ ಕುತ್ತಿಗೆ ಬಿಡಲಿಲ್ಲವಾಗಿ ಇಂದ್ರಮ್ಮನೂ ಹೊರಟಳು. ಬಸ್ಸಿನಲ್ಲಿ ಅಂಬಿಕ ಸಂಕೋಚದಿಂದಲೇ ಹೇಳಿದಳು. "ಅಲ್ಲಿ ನೀವು ಏನೂ ಮಾತಾಡ್ಬೇಡಿ ಅತ್ತೆ. ಎಲ್ಲಾ ನಾನು ನೋಡ್ಕೋತೀನಿ."

ಮಾತಾಡಿಸಿದ ಮೇಡಂ ಒಳ್ಳೆಯ ಹೆಂಗಸು. ಮಗುವಿನ ಎತ್ತರಕ್ಕೆ ಪುಟ್ಟ ಕುರ್ಚಿಯಲ್ಲಿ ಕೂತು, ಬಿಸ್ಕತ್ತು ಕೊಟ್ಟು, ಗಲ್ಲ ಸವರಿ, ಆನೆಯ ಚಿತ್ರ ತೆಗೆದಳು.

"ಇದು ಏನು ಪುಟ್ಟಿ?"

ಮಗುವಿಗೆ ಗೊತ್ತಿತ್ತು. ಕಣ್ಣರಳಿದ್ದು ಇಂದ್ರಮ್ಮನಿಗೆ ಕಂಡಿತು. ಬಾಯಿ ತೆರೆಯಿತು, ತೆರೆದ ಬಾಯಿಯ ಮುಂದೆ ಅಂಗೈ ತಾನಾಗಿ ಬಂದು ನಿಂತಿತು. ಅಷ್ಟೇ. ಉಸಿರೂ ಬರಲಿಲ್ಲ, ಆನೆಯೂ ಬರಲಿಲ್ಲ.

"ಕೈ ಅಡ್ಡ ಇಟ್ಕೋಬಾರ್ದು," ಎಂದು ಮೇಡಂ ಮೆಲ್ಲಗೆ ಕೈ ತೆಗೆದಳು. ಹೂವು ತೋರಿಸಿದಳು, ಇಲಿ ತೋರಿಸಿದಳು, ಎಲೆ ತೋರಿಸಿದಳು. ಮಗು ಒಮ್ಮೆ ಅಮ್ಮನನ್ನು ನೋಡಿತು, ಒಮ್ಮೆ ಅಜ್ಜಿಯನ್ನು ನೋಡಿತು. ಅಂಬಿಕ ಬಾಯಿಯಲ್ಲೇ ಹೇಳಿಕೊಟ್ಟಳು, ಸನ್ನೆ ಮಾಡಿದಳು, ಅವಳ ಹಣೆ ಬೆವರಿತು. ಇಂದ್ರಮ್ಮ ತುಟಿ ಕಚ್ಚಿ ಕೂತಳು. ಇದು ಇಂಥ ಮಗುವಲ್ಲ ತಾಯಿ, ಬಾಯಿಗೆ ಬಂದದ್ದನ್ನು ಅನ್ನಲು ಬಿಟ್ಟರೆ ನಿಮ್ಮ ಮನೆಯವರೆಲ್ಲ ಉಂಡರೋ ಇಲ್ಲವೋ ಎಂದು ಕೇಳದೆ ಬಿಡುವುದಿಲ್ಲ ಎಂದು ಹೇಳಬೇಕು. ಆದರೆ ಹೇಳುವುದು ಯಾವ ಬಾಯಿಂದ? ಆ ಬಾಯಿಂದಲೇ ಅಲ್ಲವೆ ಇಷ್ಟೆಲ್ಲ ಆದದ್ದು.

"ಹಗಲು ಹೊತ್ತು ಮಗು ಯಾರ ಹತ್ರ ಇರುತ್ತೆ?" ಎಂದು ಮೇಡಂ ಕೇಳಿದಳು.

"ಅತ್ತೆ ಹತ್ರ," ಎಂದಳು ಅಂಬಿಕ.

"ಅಜ್ಜಿ, ಮಗು ಜೊತೆ ಮನೇಲಿ ಮಾತಾಡ್ತೀರಾ?"

ಇಂದ್ರಮ್ಮ ಸೊಸೆಯ ಕಡೆ ನೋಡಿದಳು. ಸೊಸೆ ತಲೆ ತಗ್ಗಿಸಿದಳು. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಸೊಸೆಯ ಮಾನ. ಮೇಲಾಗಿ ಹೌದು ಎನ್ನಲು ಮೊದಲು ಬೇಕಾದದ್ದೇ ಆ ಹಾಳು ಉಸಿರು. ಅತ್ತಲೂ ಅಲ್ಲ ಇತ್ತಲೂ ಅಲ್ಲದ ಹಾಗೆ ತಲೆಯಾಡಿಸಿದಳು.

ಮೇಡಂ ಇಬ್ಬರನ್ನೂ ನೋಡಿ ನಿಟ್ಟುಸಿರುಬಿಟ್ಟಳು. "ಮನೇಲಿ ಮಾತಾಡಿಸೋರು ಇಲ್ದಿದ್ರೆ ಮಕ್ಕಳಿಗೆ ಮಾತು ತಡ ಆಗುತ್ತೆ ನೋಡಿ. ಈಗ ಸೇರಿಸ್ಕೊಂಡ್ರೆ ಮಗೂಗೇ ಕಷ್ಟ. ಮೈಸೂರಲ್ಲಿ ಯಾರಾದ್ರೂ ಡಾಕ್ಟರಿಗೆ ತೋರಿಸಿ, ಮುಂದಿನ ವರ್ಷ ಕರ್ಕೊಂಡು ಬನ್ನಿ. ಅಜ್ಜಿ, ನೀವು ದಿನಾ ಜಾಸ್ತಿ ಮಾತಾಡಿಸ್ಬೇಕು ಆಯ್ತಾ?"

ಸಿಟ್ಟು ಮಾಡಿಕೊಳ್ಳೋಣವೆಂದರೆ ಅಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಮೇಡಂ ಗೇಟಿನವರೆಗೂ ಬಂದು ಮಗುವಿಗೆ ಟಾಟಾ ಮಾಡಿದಳು.

ವಾಪಸು ಬಸ್ಸಿನಲ್ಲಿ ಅಂಬಿಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾಲೆಯ ಸೇತುವೆ ದಾಟಿದ ಮೇಲೆ ಈ ಕಡೆ ತಿರುಗದೆಯೇ ಹೇಳಿದಳು. "ಅತ್ತೆ, ಮಾತಾಡಿ ಅದರ ಜೊತೆ. ಮೊದಲಿನ ಥರ ಏನಾದ್ರೂ ಮಾತಾಡಿ."

ಇಂದ್ರಮ್ಮ ಮಾತಾಡಲು ನೋಡಿದಳು. ಕಿಟಕಿಯಾಚೆ ಹೊಲವಿತ್ತು, ಹೊಂಗೆಮರವಿತ್ತು, ಹೋರಿ ಹಿಡಿದುಕೊಂಡು ಹೋಗುವವನಿದ್ದ. ಒಂದೊಂದನ್ನೂ ಹೆಸರು ಹಿಡಿದು ತೋರಿಸುತ್ತಿದ್ದವಳಿಗೆ ಈಗ ಒಂದೊಂದರ ಮುಂದೆಯೂ ನಿಂತು ಯೋಚಿಸುವಂತಾಗಿತ್ತು. ಯೋಚಿಸಿ ಮುಗಿಸುವುದರೊಳಗೆ ಬಸ್ಸು ಮುಂದೆ ಹೋಗಿರುತ್ತಿತ್ತು. ಇಷ್ಟು ವರ್ಷ ಬಾಯಲ್ಲಿದ್ದ ಮಾತು ತನಗೂ ತಪ್ಪಿಹೋಯಿತೇ ಎಂದು ಅವಳಿಗೆ ಭಯವಾಯಿತು. ಕೊನೆಗೆ ಮಗುವನ್ನು ತೊಡೆಯ ಮೇಲೆ ತನ್ನ ಕಡೆಗೆ ತಿರುಗಿಸಿ ಕೂರಿಸಿಕೊಂಡು, ಆದದ್ದಾಗಲಿ ಎಂದು ಬಾಯಿಗೆ ಬಂದ ಹಾಗೆಯೇ ಕೇಳಿದಳು.

"ಏಳು ನನ್ನವ್ವ, ನಾನ್ಯಾರು?"

ಮಗುವಿನ ತುಟಿ ಅರ್ಧ ತೆರೆಯಿತು. ಅಲ್ಲಿಗೇ ನಿಂತಿತು.

"ಎಂಗಾರ ಅನ್ನು ಕಂದ," ಎಂದು ಅಂಬಿಕ ಥಟ್ಟನೆ ತಿರುಗಿದಳು. ಕ್ಲಿನಿಕ್ಕಿನಲ್ಲಿ ದುಡಿದದ್ದೆಲ್ಲ ಅವಳ ಬಾಯಿಂದ ಉದುರಿಹೋಗಿತ್ತು, ಕಣ್ಣು ತುಂಬಿತ್ತು. "ತಪ್ಪಾದ್ರೂ ಪರವಾಗಿಲ್ಲ. ಒಂದೇ ಒಂದ್ಸಲ ಅನ್ನು, ಯಾರು ಇವ್ರು?"

ಮಗು ಬಹಳ ಹೊತ್ತು ಯೋಚಿಸಿತು. ಆಮೇಲೆ ತುಟಿ ಮುಚ್ಚಿ, ಇಂದ್ರಮ್ಮನ ಎದೆಯ ಮೇಲೆ ಬೆರಳಿಟ್ಟು ತೋರಿಸಿತು. ತೋರಿಸಿ, ಸರಿಯಾಯಿತೇ ಎಂದು ಅಮ್ಮನ ಮುಖ ನೋಡಿತು.