ತಾಯಕ್ಕ ಸಾಲು ಹಿಡಿದದ್ದು

ತಾಯಕ್ಕನ ಹೊಟ್ಟೆ ಕೊಯ್ದು ಮಗು ತೆಗೆದ ಮೂರನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು, ಇವತ್ತು ಎದ್ದು ನಡೆಯಬೇಕು ಎಂದುಬಿಟ್ಟರು. ಹೇಳುವವರಿಗೇನು, ಹೇಳಿ ಮುಂದಿನ ಮಂಚಕ್ಕೆ ಹೋದರು. ಕೇಳಿಸಿಕೊಂಡ ತಾಯಕ್ಕನ ಕೈ ತಾನಾಗಿಯೇ ಹೊಟ್ಟೆಯ ಪಟ್ಟಿಯ ಮೇಲೆ ಹೋಗಿ ಕೂತಿತು. ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದ ಅತ್ತೆ ಎರ್ರಮ್ಮ ತೆರೆದ ಬಾಯಿ ಮುಚ್ಚಲಿಲ್ಲ.

ಬಾಣಂತಿ ಹನ್ನೊಂದು ದಿನ ನೆಲಕ್ಕೆ ಕಾಲಿಡಬಾರದು ಎನ್ನುವುದು, ಮೆಟ್ರಿಯಲ್ಲಿ ಹುಟ್ಟಿ ಕಂಪ್ಲಿಯಲ್ಲಿ ಮುದುಕಿಯಾದ ಎರ್ರಮ್ಮನಿಗೆ ಸೂರ್ಯ ಮೂಡುವಷ್ಟೇ ಖಾತ್ರಿಯ ಮಾತು. ಅದೂ ಸುಮ್ಮನೆ ಹೆತ್ತವಳಿಗೆ. ಇವಳದ್ದೋ, ಹೊಟ್ಟೆಯನ್ನೇ ಸೀಳಿ ಹೊಲಿದಿದ್ದಾರೆ. ಹೊಲಿಗೆಯ ವಿಷಯದಲ್ಲಿ ಈ ಇಬ್ಬರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಕಂಪ್ಲಿಯ ಅಕ್ಕಿ ಮಿಲ್ಲಿನ ಕಣದಲ್ಲಿ, ಬೇಯಿಸಿದ ಭತ್ತವನ್ನು ಬಿಸಿಲಿಗೆ ಹರವಿ ಒಣಗಿಸುವವರು. ತುಂಬಿದ ಚೀಲದ ಬಾಯನ್ನು ದಬ್ಬಳದಿಂದ ಹೊಲಿಯುವುದನ್ನು ದಿನಾ ನೋಡಿದವರು. ಆ ಚೀಲವನ್ನು ಎತ್ತಿ ಕುಕ್ಕಿದರೆ ಹುರಿ ಹರಿದು ಭತ್ತವೆಲ್ಲ ನೆಲಕ್ಕೆ ಚೆಲ್ಲುವುದನ್ನೂ ನೋಡಿದವರು.

ಎರ್ರಮ್ಮ ತಾಯಕ್ಕನಿಗೆ ಅತ್ತೆಯೂ ಹೌದು, ಅಪ್ಪನ ಅಕ್ಕನೂ ಹೌದು. ಹಿಂದಿನ ಎರಡು ಹೆರಿಗೆ ಮನೆಯಲ್ಲೇ ಆಗಿ, ಎರಡು ಕೂಸೂ ಉಳಿದಿರಲಿಲ್ಲ. ಮೂರನೆಯದು ಎರಡು ದಿನ ನೋವು ತಿನ್ನಿಸಿ ಹೊರಗೆ ಬಾರದೆ ಹೋದಾಗ ಗಂಡ ಮೂಕಣ್ಣ ಯಾರ ಮಾತನ್ನೂ ಕೇಳದೆ ಹೆಂಡತಿಯನ್ನು ಮಿಲ್ಲಿನ ಲಾರಿಯಲ್ಲಿ ಹಾಕಿಕೊಂಡು ಹೊಸಪೇಟೆಯ ಆಸ್ಪತ್ರೆಗೆ ತಂದಿದ್ದ. ಹೆಣ್ಣು ಕೂಸು, ಅಂಗೈಯಗಲ. ಮಾಗಿಯ ಚಳಿ ತಾಗಬಾರದೆಂದು ಅದನ್ನು ಉದ್ದನೆಯ ವಾರ್ಡಿನ ಆಚೆ ತುದಿಯ ಕೋಣೆಯಲ್ಲಿ, ಬಿಸಿನೀರಿನ ಶೀಸೆಗಳ ನಡುವೆ ಮಲಗಿಸಿದ್ದರು. ಅದು ಅಲ್ಲಿಂದ ಹೊರಗೆ ಬರುವಂತಿಲ್ಲ. ಅದರ ಅವ್ವ ಮಂಚದಿಂದ ಇಳಿಯುವಂತಿಲ್ಲ. ಮೂರು ದಿನವಾದರೂ ತಾಯಕ್ಕ ತನ್ನ ಮಗಳ ಮುಖ ನೋಡಿರಲಿಲ್ಲ.

ಆಯಾ ಚೆನ್ನಬಸಮ್ಮ ಹೊತ್ತುಹೊತ್ತಿಗೆ ಬಂದು ತಾಯಕ್ಕನ ಹಾಲು ಬಟ್ಟಲಿಗೆ ಹಿಂಡಿಸಿಕೊಂಡು ಹೋಗಿ, ಹತ್ತಿಯಲ್ಲಿ ಅದ್ದಿ ಕೂಸಿನ ಬಾಯಿಗೆ ಹಿಡಿಯುತ್ತಿದ್ದಳು. ಆ ದಿನ ಬಟ್ಟಲು ಹೋದಷ್ಟೇ ತುಂಬಿ ವಾಪಸು ಬಂತು. ಎರಡು ಹನಿ ನುಂಗಿ ಉಳಿದದ್ದನ್ನು ಉಗುಳಿತಂತೆ. ಡಾಕ್ಟರಮ್ಮ ತಿರುಗಿ ಬಂದು ತಮ್ಮ ಮದರಾಸಿನ ಕನ್ನಡದಲ್ಲಿ ಬಿಡಿಸಿ ಹೇಳಿದರು: ಕೂಸಿಗೆ ಮೊಲೆಯೇ ಬೇಕು, ಹತ್ತಿ ಸಾಲದು. ಹೊತ್ತುಕೊಂಡು ಹೋಗೋಣವೆಂದರೆ ಇದ್ದೊಂದು ಸ್ಟ್ರೆಚರ್ ಹೊಸದಾಗಿ ಕಟ್ಟುತ್ತಿರುವ ಅಣೆಕಟ್ಟೆಯ ಕಲ್ಲು ಗಣಿಯಲ್ಲಿ ಗಾಯಗೊಂಡವರನ್ನು ತರಲು ಹೋಗಿದೆ. ಅಷ್ಟಕ್ಕೂ ಮಲಗಿಯೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರುತ್ತದೆ. ಯುದ್ಧದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದ ಸಿಪಾಯಿಗಳನ್ನು ಮೂರನೇ ದಿನಕ್ಕೆ ತಾವೇ ನಡೆಸಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ಹೊರಗೆ ಲಾರಿ ಬಂದ ಸದ್ದಾಗಿ, ಅವರು ಗಾಯಾಳುಗಳ ಕಡೆ ಓಡಿದರು.

ಸಿಪಾಯಿಗಳೇನು ಹೆತ್ತಿದ್ದರೇ ಎಂದು ಎರ್ರಮ್ಮ ಅವರ ಬೆನ್ನಿಗೆ ಕೇಳಿದಳು.

ತಾಯಕ್ಕ ಅಂಜುಬುರುಕಿಯಲ್ಲ. ಆಗಷ್ಟೇ ಬೇಯಿಸಿ ಸುರಿದ ಭತ್ತದ ಮೇಲೆ ಬರಿಗಾಲಲ್ಲಿ ನಿಲ್ಲುವವಳು. ಆದರೆ ಈ ಹೆದರಿಕೆ ಬೇರೆ. ಹಿಂದಿನ ದಿನ ಒಮ್ಮೆ ತಲೆ ಎತ್ತಲು ಹೋದಾಗ ಹೊಟ್ಟೆಯೊಳಗೆ ಏನೋ ಜಗ್ಗಿ, ಹರಿದೇ ಹೋಯಿತೆಂದು ಹಾಗೇ ಒರಗಿದ್ದಳು. ಪಟ್ಟಿ ಮುಟ್ಟಿ ನೋಡಿ ಕೈಗೆ ನೆತ್ತರು ಹತ್ತಿಲ್ಲವೆಂದು ಖಾತ್ರಿಯಾದ ಮೇಲೂ ಒಂದು ಗಳಿಗೆ ಉಸಿರು ಬಿಟ್ಟಿರಲಿಲ್ಲ. ಅದನ್ನು ಕಂಡ ಎರ್ರಮ್ಮ, ಸೊಸೆ ನಿದ್ದೆಗಣ್ಣಲ್ಲಿ ಎದ್ದಾಳೆಂದು ತನ್ನ ಸೆರಗಿನ ತುದಿಯನ್ನು ಅವಳ ಮುಂಗೈಗೆ ಗಂಟು ಹಾಕಿಕೊಂಡಿದ್ದಳು. ಅಂದಿನಿಂದ ಅತ್ತೆ ಸೊಸೆ ಒಂದೇ ಸೀರೆಯಲ್ಲಿ ಕಟ್ಟಿಹಾಕಿಕೊಂಡಂತೆ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಆಚೆ ತುದಿಯಿಂದ ಕೂಸಿನ ಅಳು ಕೇಳಿತು. ಸಣ್ಣ ದನಿ. ತಾಯಕ್ಕ ಕಿವಿಗೊಟ್ಟು ಕೇಳುತ್ತಲೇ ಇದ್ದಳು. ಅಳು ಇನ್ನೂ ಸಣ್ಣದಾಯಿತು, ತಡೆದು ತಡೆದು ಬಂತು, ನಿಂತಿತು. ಅತ್ತಾಗ ಆಗದ ಸಂಕಟ ನಿಂತಾಗ ಆಯಿತು. ಮೊದಲಿನ ಎರಡೂ ಹಾಗೇ ನಿಂತಿದ್ದವು.

"ಗಂಟು ಬಿಚ್ಚು ಅತ್ತಿ," ಎಂದಳು.

"ಬಿಚ್ಚಂಗಿಲ್ಲ," ಎಂದಳು ಎರ್ರಮ್ಮ. "ಹೊಲಿದ ಚೀಲ ಐತಿ ನಿನ್ನ ಹೊಟ್ಟಿ. ಎರಡು ಕೂಸು ಮಣ್ಣಿಗಿಟ್ಟು ಬಂದೀನಿ ಈ ಕೈಲಿಂದ. ನಿನ್ನೂ ಇಡಾಕ ನನ್ನ ಕೈಲಿ ಆಗಂಗಿಲ್ಲ."

"ಮೂರನೇದನ್ನ ಇಡಾಕ ಆಗ್ತೈತೇನು?"

ಎರ್ರಮ್ಮ ಗಂಟಿಗೆ ಕೈ ಹಾಕಲಿಲ್ಲ. ತಾಯಕ್ಕ ಮುಂಗೈಯನ್ನು ಬಾಯಿಗೆ ಒಯ್ದು ಹಲ್ಲಿನಲ್ಲೇ ಗಂಟು ಬಿಚ್ಚಿದಳು. ಮಗ್ಗುಲಾದಳು. ಮೊಳಕೈ ಊರಿ, ಹಲ್ಲು ಕಚ್ಚಿ, ಎದ್ದು ಕೂತಳು. ಹೊಟ್ಟೆ ಬೆಂಕಿಯಾಯಿತು. ಹರಿಯುವುದಾದರೆ ಹರಿಯಲಿ, ಅಲ್ಲಿಗೆ ಹೋಗಿ ಹರಿಯಲಿ ಎಂದು ಮನಸ್ಸಿನಲ್ಲೇ ಹೊಟ್ಟೆಗೆ ಬೈದಳು. ಕಾಲು ಇಳಿಬಿಟ್ಟಳು. ಹನ್ನೊಂದು ದಿನ ಮುಟ್ಟಬಾರದ ನೆಲ ಬರಿ ತಣ್ಣಗಿತ್ತು, ಬೇರೇನೂ ಆಗಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಮಂಚದ ಕಂಬಿ ಹಿಡಿದು ನಿಂತೇಬಿಟ್ಟಳು.

ನಿಂತದ್ದೇನೋ ನಿಂತಳು, ನಡೆಯಲಾಗಲಿಲ್ಲ. ಬಲಗಾಲು ಎತ್ತಿದರೆ ಹೊಲಿಗೆ ಜಗ್ಗಿತು. ಎಡಗಾಲು ಎತ್ತಿದರೆ ಇನ್ನೂ ಜೋರಾಗಿ ಜಗ್ಗಿತು. ಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡತೊಡಗಿದರು. ಯಾರೋ ಒಬ್ಬಳು, ಬಿದ್ದರೆ ಪಾಪ ಯಾರಿಗೆ ಎಂದಳು. ಇನ್ನೊಬ್ಬಳು ಡಾಕ್ಟರಮ್ಮನಿಗೆ ಎಂದಳು. ತಾಯಕ್ಕ ಇಬ್ಬರ ಕಡೆಗೂ ನೋಡಲಿಲ್ಲ, ತನ್ನ ಪಾದಗಳನ್ನು ನೋಡಿಕೊಂಡಳು.

ಆ ಪಾದಗಳಿಗೆ ಗೊತ್ತಿದ್ದ ನಡಿಗೆ ಇನ್ನೊಂದಿತ್ತು. ಕಣದಲ್ಲಿ ಭತ್ತ ಮಗುಚುವಾಗ ಕಾಲು ಎತ್ತುವಂತಿಲ್ಲ. ಎತ್ತಿ ಇಟ್ಟರೆ ಕಾಳು ತುಳಿದು ನುಚ್ಚಾಗುತ್ತದೆ. ಮಂಡಿ ತುಸು ಸಡಿಲ ಬಿಟ್ಟು, ನಡು ತುಸು ಬಗ್ಗಿಸಿ, ಪಾದವನ್ನು ನೆಲಕ್ಕೆ ಒತ್ತಿಕೊಂಡೇ ಮುಂದೆ ಸರಿಸಬೇಕು. ಒಂದು ಪಾದ ಸರಿದಷ್ಟು ಇನ್ನೊಂದು. ಹಿಂದೆ ಉಳಿಯುವುದು ನೇಗಿಲು ಹೊಡೆದಂಥ ಎರಡು ಸಾಲು. ಹನ್ನೊಂದು ವರ್ಷದವಳಿದ್ದಾಗ ಇದನ್ನು ಕಲಿಸಿದವಳೇ ಎರ್ರಮ್ಮ, ಕಾಲು ಎತ್ತಿದಾಗಲೆಲ್ಲ ಮೀನಖಂಡಕ್ಕೆ ಕಡ್ಡಿಯಿಂದ ಹೊಡೆದು.

ತಾಯಕ್ಕ ಕಂಬಿ ಬಿಟ್ಟಳು. ಬಲಪಾದ ಸರಿಸಿದಳು. ಹೊಲಿಗೆ ಸುಮ್ಮನಿತ್ತು. ಎಡಪಾದ ಸರಿಸಿದಳು. ಜಗ್ಗಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಎರಡು ಸಾಲು ಮಂಚಗಳ ನಡುವೆ ಸರ್, ಸರ್ ಎಂದು ಹೊರಟಳು.

ಹಿಂದಿನಿಂದ ಎರ್ರಮ್ಮ ಆಸ್ಪತ್ರೆಯನ್ನೂ ಮಗನನ್ನೂ ಲಾರಿಯನ್ನೂ ಬೈಯುತ್ತಲೇ ಎದ್ದಳು, ಸೊಸೆಯ ತೋಳು ಹಿಡಿದು ಎಳೆದು ತರಲು. ನಾಲ್ಕು ಹೆಜ್ಜೆ ಬಂದವಳು ಬೈಗುಳ ಅರ್ಧಕ್ಕೆ ಬಿಟ್ಟಳು. ಮೂವತ್ತು ವರ್ಷ ಕಣ ತಿರುಗಿದ ಕಣ್ಣು ಅವಳದು. ಅದು ಹೊಟ್ಟೆಯನ್ನು ಬಿಟ್ಟು ಸೊಸೆಯ ಪಾದ ನೋಡಿತ್ತು.

ನಡುಗಂಬದ ಹತ್ತಿರ ತಾಯಕ್ಕ ನಿಂತಳು. ಮೈಯೆಲ್ಲ ಬೆವರು. ಕಣ್ಣಿಗೆ ಕತ್ತಲೆ ಬಂದು ಕಂಬಕ್ಕೆ ಹಣೆ ಒತ್ತಿದಳು. ಅರ್ಧ ದಾರಿ ಇನ್ನೂ ಬಾಕಿ ಇತ್ತು. ತಿರುಗಿ ಹೋದರೂ ಅಷ್ಟೇ ದೂರ. ಚೆನ್ನಬಸಮ್ಮ ಕುರ್ಚಿ ತರುತ್ತೇನೆಂದು ಓಡಲಿದ್ದಳು, ಎರ್ರಮ್ಮ ಕೈ ಅಡ್ಡ ಹಿಡಿದಳು.

"ಕುಂದ್ರಿಸಬ್ಯಾಡ. ಕುಂತ್ರ ಏಳಂಗಿಲ್ಲಕಿ." ಆಮೇಲೆ ಸೊಸೆಯ ಬೆನ್ನ ಹಿಂದೆ ಬಂದು ನಿಂತು, ಕಣದಲ್ಲಿ ಹೇಳುವ ದನಿಯಲ್ಲಿ ಹೇಳಿದಳು: "ಸಾಲು ಅರ್ಧಕ್ಕ ಬಿಡಬ್ಯಾಡ. ನಾ ಹಿಂದ ಅದೀನಿ. ಕಾಲು ಎತ್ತೀಯ ಮತ್ತ."

ಅರ್ಧಕ್ಕೆ ಬಿಟ್ಟ ಸಾಲಿನ ಭತ್ತ ಹಸಿಯುಳಿದು ಮುಗ್ಗುತ್ತದೆ. ಬಿಸಿಲು ತಲೆ ಸೀಳುತ್ತಿದ್ದರೂ ಕಣದ ಹೆಂಗಸು ಸಾಲು ಮುಗಿಸಿಯೇ ನೆರಳಿಗೆ ಹೋಗುವವಳು. ತಾಯಕ್ಕ ಹಣೆ ಎತ್ತಿದಳು. ಬಲಪಾದ ಸರಿಯಿತು. ಹಿಂದೆಯೇ ಎರ್ರಮ್ಮನ ಪಾದವೂ ಎತ್ತದೆ ಸರಿಯಿತು. ಹೊಟ್ಟೆ ಕೊಯ್ಯಿಸಿಕೊಳ್ಳದ ಆ ಮುದುಕಿಗೆ ಹಾಗೆ ನಡೆಯಬೇಕಾದ ಕಾರಣವೇ ಇರಲಿಲ್ಲ.

ಕೋಣೆಯಲ್ಲಿ ಕೂಸು ಕಣ್ಣು ಮುಚ್ಚಿತ್ತು. ತಾಯಕ್ಕ ಸ್ಟೂಲಿನ ಮೇಲೆ ಕೂತು, ಚೆನ್ನಬಸಮ್ಮ ಬಟ್ಟೆ ಸುತ್ತಿ ಕೊಟ್ಟ ಮಗಳನ್ನು ಎದೆಗೆ ಒತ್ತಿಕೊಂಡಳು. ಕೂಸು ಮೂತಿ ಆ ಕಡೆ ಈ ಕಡೆ ಆಡಿಸಿತು, ಹುಡುಕಿತು, ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎಳೆಯುವ ಜೋರಿಗೆ ತಾಯಕ್ಕನ ಹೊಟ್ಟೆಯ ಹೊಲಿಗೆಯೂ ಜಗ್ಗಿತು, ಅವಳು ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಮಗಳ ಮೂಗು ಎರ್ರಮ್ಮನದೇ ಎಂದು ಕಂಡು, ಇದೂ ಹಠಮಾರಿಯೇ ಎಂದುಕೊಂಡಳು.

ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದವರು ಬಾಗಿಲಲ್ಲೇ ನಿಂತರು. ಪಟ್ಟಿ ಬಿಚ್ಚಿ ನೋಡಿ, ಒಂದು ಹೊಲಿಗೆಯೂ ಅಲುಗಿಲ್ಲ ಎಂದರು. ಸ್ಟ್ರೆಚರ್ ಈಗ ಖಾಲಿಯಾಗಿದೆ, ವಾಪಸು ಹೋಗುವಾಗ ಹೊತ್ತುಕೊಂಡು ಹೋಗುತ್ತಾರೆ ಎಂದರು.

"ಹೊರೂದು ಬ್ಯಾಡ್ರಿ," ಎಂದಳು ತಾಯಕ್ಕ. "ಇದಕ್ಕ ಮತ್ತ ಹಸಿವಾದ್ರ ಮತ್ತ ಬರಬೇಕು ನಾನು."

ಡಾಕ್ಟರಮ್ಮ ಎರ್ರಮ್ಮನ ಮುಖ ನೋಡಿದರು, ಇವಳೇನು ರಂಪ ಮಾಡುತ್ತಾಳೋ ಎಂದು. ಎರ್ರಮ್ಮ ಅವರನ್ನು ನೋಡಲೇ ಇಲ್ಲ. ಸೊಂಟಕ್ಕೆ ಸೆರಗು ಬಿಗಿದು ವಾರ್ಡಿನ ಉದ್ದಕ್ಕೂ ಕಣ್ಣು ಹಾಯಿಸಿದಳು, ಬೆಳಿಗ್ಗೆ ಭತ್ತ ಹರವುವ ಮೊದಲು ಕಣವನ್ನು ನೋಡುವ ಹಾಗೆ. ಆಮೇಲೆ ಚೆನ್ನಬಸಮ್ಮನ ಕಡೆ ತಿರುಗಿದಳು.

"ಆ ಬಕೀಟು ದಾರ್‍ಯಾಗಿಂದ ತಗಿಯವ್ವ. ನಮ್ಮ ಹುಡುಗಿ ತಿರುಗಿ ಬರಾಕತ್ತಾಳ."