ಹೊಸ ಬ್ಯಾಟರಿಯ ಒಳಗಿದ್ದದ್ದು

ಹಿಂದಿನ ಸೀಟು ಬಿಚ್ಚಿ, ಕರೆಂಟು ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ಗನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮೇಸ್ತ್ರಿ ಎಂದಿನಂತೆ ಹತ್ತು ನಿಮಿಷ ಸುಮ್ಮನೆ ಕೂತ. ಕರೆಂಟು ಇಳಿಯುವ ತನಕ ಹೈಬ್ರಿಡ್ ಗಾಡಿಯ ಬ್ಯಾಟರಿಗೆ ಕೈ ಹಾಕುವವನಲ್ಲ ಅವನು. ಕಾರಿನೊಳಗೆ ಗುಲಾಬಿ ಸೆಂಟಿನ ವಾಸನೆ ಗಂಟಲಿಗೆ ಅಡರುತ್ತಿತ್ತು. ಗ್ಯಾರೇಜಿಗೆ ಬಂದ ಗಾಡಿಗಳಿಗೆಲ್ಲ ಸೆಂಟು ಹೊಡೆಯುವುದು ಅಳಿಯನ ಚಾಳಿ. ಅಳಿಯನೆಂದರೆ ತಂಗಿಯ ಮಗ, ಗ್ಯಾರೇಜಿನ ಮಾಲೀಕ. ಮೇಸ್ತ್ರಿ ಉಣ್ಣುವುದು ಆ ತಂಗಿಯ ಮನೆಯಲ್ಲಿ, ಮಲಗುವುದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ.

ಗಾಡಿ ನರ್ಸಮ್ಮನದು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಆಕೆಯ ಕೆಲಸ. ದಿನಕ್ಕೆ ಹನ್ನೊಂದು ಮನೆ. ಗಾಡಿ ನಿಂತರೆ ಹನ್ನೊಂದು ಜನ ನಿನ್ನೆಯ ಪಟ್ಟಿಯಲ್ಲೇ ಕೊಳೆಯಬೇಕು. ಹದಿನಾಲ್ಕು ತಿಂಗಳ ಹಿಂದೆ ಇಲ್ಲೇ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋಗಿದ್ದವಳು ಈವತ್ತು ಬೆಳಗ್ಗೆ ಕೆಂಪು ದೀಪ ಉರಿಸಿಕೊಂಡು, ಫ್ಯಾನು ಭೋರ್ಗರೆಸಿಕೊಂಡು ಬಂದಿದ್ದಳು.

ಮುಂದಿನ ಕೋಣೆಯಿಂದ ಮಾತು ಕೇಳುತ್ತಿತ್ತು.

“ಹತ್ತು ವರ್ಷ ಬರತ್ತೆ ಅಂದಿದ್ರಲ್ಲಪ್ಪಾ ನೀವು!” ನರ್ಸಮ್ಮನ ದನಿ.

“ಬರತ್ತಮ್ಮಾ, ಯಾರು ಇಲ್ಲ ಅಂದ್ರು?” ಎಂದ ಅಳಿಯ. “ಆದ್ರೆ ನೀವು ಓಡಿಸೋದು ಹೆಂಗೆ ಹೇಳಿ. ಎರಡು ಹೆಜ್ಜೆ ಹೋಗ್ತೀರಿ, ನಿಲ್ಲಿಸ್ತೀರಿ. ಮತ್ತೆ ಎರಡು ಹೆಜ್ಜೆ. ಮೇಲಾಗಿ ಬಿಸಿಲು ಬೇರೆ.”

“ಬಿಸಿಲು ನನ್ನ ಗಾಡಿ ಮೇಲೊಂದೇ ಬೀಳತ್ತಾ?”

“ಅಯ್ಯೋ, ನಿಮ್ಮ ಹತ್ರ ಮಾತಲ್ಲಿ ಗೆಲ್ಲೋಕಾಗತ್ತಾ!” ಅಳಿಯ ನಕ್ಕ. ಎಣ್ಣೆ ಸವರಿದಂಥ ನಗು.

ಮೇಸ್ತ್ರಿ ಗ್ಲೌಸು ಏರಿಸಿ ಬ್ಯಾಟರಿಯ ಮುಚ್ಚಳ ಎತ್ತಿದ. ಸಾಲಾಗಿ ಇಪ್ಪತ್ತೆಂಟು ಸೆಲ್ಲು. ಮೇಲಿನಿಂದ ನೋಡಿದರೆ ಮದುಮಗನ ಹಾಗೆ ಥಳಥಳ. ಒಂದನ್ನು ಬಿಚ್ಚಿ ಹೊರಗೆಳೆದ. ಪಕ್ಕೆ ಉಬ್ಬಿತ್ತು. ಬುಡದಲ್ಲಿ ಬಿಳಿಯ ಹಕ್ಕಳೆ, ಅದರ ಸುತ್ತ ಸೋಪಿನಂತೆ ಜಾರುವ ಲೋಳೆ. ಆ ಲೋಳೆಯಲ್ಲಿ ಕಂದು ಕೂದಲು ಮೆತ್ತಿಕೊಂಡಿತ್ತು. ನಾಯಿಯ ಕೂದಲು.

ಮೇಸ್ತ್ರಿ ಪಕ್ಕೆಯ ಕಪ್ಪು ಬಣ್ಣವನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದ. ಹಪ್ಪಳೆ ಎದ್ದು, ಅಡಿಯಿಂದ ಹಳದಿ ಗೀಟು ಕಾಣಿಸಿತು. ಅಡ್ಡ ಒಂದು, ಉದ್ದ ಒಂದು. ಅಕ್ಷರ ಅಷ್ಟಾಗಿ ಬಾರದ ಮೇಸ್ತ್ರಿ ಸತ್ತ ಸೆಲ್ಲಿಗೆ ತಾನೇ ಎಳೆಯುತ್ತಿದ್ದ ಗುರುತು ಅದು. ಎರಡು ನಾಯಿ ಹೊತ್ತು ತಿರುಗುತ್ತಿದ್ದ ಟ್ಯಾಕ್ಸಿಯೊಂದು ಮೂರು ವರ್ಷದ ಹಿಂದೆ ಬಂದಿತ್ತು. ಸೀಟಿನ ಪಕ್ಕದ ಗಾಳಿ ಕಿಂಡಿಗೆ ಕೂದಲು ಕಟ್ಟಿ, ಬ್ಯಾಟರಿ ಒಳಗೇ ಬೆಂದುಹೋಗಿತ್ತು. ಎಲ್ಲದಕ್ಕೂ ಗೀಟು ಎಳೆದು, ಎಸೆಯಲು ಕೊಟ್ಟದ್ದು ಅಳಿಯನ ಕೈಗೆ.

“ಆಯ್ತಾ ಮಾವ?” ಅಳಿಯ ಒಳಗೆ ಬಂದ.

“ಇದು ಆ ನಾಯಿ ಟ್ಯಾಕ್ಸೀದು.”

“ಮೆತ್ತಗೆ ಮಾತಾಡು ಮಾರಾಯಾ!”

“ಸತ್ತ ಸೆಲ್ಲಿಗೆ ಬಣ್ಣ ಬಳಿದು ಹೊಸದು ಅಂತ ಹಾಕಿದೀಯಲ್ಲೋ.”

“ಎಲ್ಲಾನೂ ಎಲ್ಲಿ ಸತ್ತಿತ್ತು? ಅಲ್ಲಿಂದ ನಾಲ್ಕು, ಇಲ್ಲಿಂದ ಆರು ಹೆಕ್ಕಿ, ಮೇಲೆ ಒರೆಸಿ ಚಾರ್ಜು ತುಂಬಿದ್ರೆ ಒಂದು ವರ್ಷ ಓಡತ್ತೆ. ಓಡ್ತಲ್ಲ?” ಅಳಿಯ ಹತ್ತಿರ ಬಂದು ದನಿ ತಗ್ಗಿಸಿದ. “ಈಗ ಬಂದು ಬಿಸಿಲಿಗೆ ಹೋಯ್ತು ಅಂತ ಒಂದು ಮಾತು ಹೇಳು ಸಾಕು. ಇನ್ನೊಂದು ಸೆಟ್ಟು ಹಿಂದೆ ರೆಡಿ ಇದೆ. ಹೋದ್ಸಲ ತಲೆ ಆಡಿಸಿದೆಯಲ್ಲ, ಹಂಗೇ.”

ಮೇಸ್ತ್ರಿಗೆ ಆ ದಿನ ಕಣ್ಣೆದುರು ಬಂದು ನಿಂತಿತು. ಬ್ಯಾಟರಿ ಕೂರಿಸಿದ್ದವನು ಅಳಿಯ. “ಹೊಸದೇ ತಾನೇ ಮೇಸ್ತ್ರಿಗಳೇ?” ಎಂದು ಆಕೆ ಕೇಳಿದ್ದಳು. ಕೈಯಲ್ಲಿ ಚಹಾ ಲೋಟ ಹಿಡಿದಿದ್ದ ಇವನು ಮುಚ್ಚಳ ಎತ್ತಿ ನೋಡದೆ ಕೋಲೆ ಬಸವನಂತೆ ತಲೆಯಾಡಿಸಿದ್ದ. ಅಳಿಯನ ಮೇಲೆ ಎದ್ದ ಹೇಸಿಗೆ ಹೊರಳಿ ತನ್ನ ಮೈಮೇಲೇ ಹರಿದಂತಾಯಿತು. ಆ ಲೋಳೆ ತನ್ನ ನಾಲಿಗೆಗೇ ಅಂಟಿದೆಯೇನೋ ಎನ್ನಿಸಿ ಥೂ ಎಂದು ಉಗಿದ.

ಸೆಲ್ಲನ್ನು ಚಿಂದಿಯಲ್ಲಿ ಹಿಡಿದು ಮುಂದಿನ ಕೋಣೆಗೆ ನಡೆದು, ನರ್ಸಮ್ಮನ ಎದುರಿನ ಮೇಜಿನ ಮೇಲಿಟ್ಟ.

“ನಿಮ್ಮ ಹೊಸ ಬ್ಯಾಟರಿ ಅಮ್ಮ. ನಾನೇ ಮೂರು ವರ್ಷದ ಹಿಂದೆ ಸತ್ತಿದೆ ಅಂತ ಗೀಟು ಹಾಕಿದ್ದು.”

ದಿನಾ ಕೀವು ಒರೆಸುವ ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿದಳು.

“ಮಾವಂಗೆ ವಯಸ್ಸಾಯ್ತು, ಏನೇನೋ...” ಎಂದು ಅಳಿಯ ಬಾಯಿ ತೆಗೆದ.

“ನೀವು ಸುಮ್ನಿರಿ,” ಎಂದಳು ನರ್ಸಮ್ಮ. “ಮೇಸ್ತ್ರಿಗಳೇ, ಆವತ್ತು ತಲೆ ಆಡಿಸಿದ್ದು ನೀವೇ ಅಲ್ವಾ?”

“ಹೌದಮ್ಮ. ನೋಡದೇ ಆಡಿಸಿದೆ.”

“ಈ ಮನುಷ್ಯನ ಮುಖ ನೋಡಿ ಬಂದಿರಲಿಲ್ಲ ನಾನು. ನಿಮ್ಮನ್ನ ನಂಬಿ ಬಂದೆ.”

ಮೇಸ್ತ್ರಿ ತನಗೆ ಗೊತ್ತಿದ್ದುದನ್ನು ಹೇಳಿದ. “ಕಂಪನಿಯಿಂದ ಸೀಲಾಗಿ ಬಂದದ್ದು ಎಂಟು ಹತ್ತು ವರ್ಷ ಬರತ್ತೆ. ಗಾಳಿ ಕಿಂಡಿಗೆ ಚೀಲ ಅಡ್ಡ ಇಡದೆ, ಧೂಳು ತೆಗೆಸ್ತಾ ಇದ್ರೆ ಇನ್ನೂ ಒಂದೆರಡು ವರ್ಷ. ಚಾರ್ಜಿನ ಗೆರೆ ಸರ್ರಂತ ಇಳಿದು ಸರ್ರಂತ ಏರೋದು, ಸಿಗ್ನಲ್ಲಲ್ಲಿ ನಿಂತ್ರೂ ಎಂಜಿನ್ನು ಆಫಾಗದೇ ಇರೋದು ಶುರುವಾದ್ರೆ ಪರೀಕ್ಷೆ ಮಾಡಿಸಬೇಕು. ಬದಲಾಯಿಸೋ ಕಾಲ ಬಂತು ಅಂತ. ನಿಮ್ಮದಕ್ಕೆ ಕಾಲ ಬರೋದೇನು, ಹಾಕಿದ ದಿನವೇ ಹೆಣ.”

ನರ್ಸಮ್ಮ ಎದ್ದು ಅಳಿಯನ ಕಡೆ ಕೈ ಚಾಚಿದಳು. “ಕಂಪನಿ ಬ್ಯಾಟರಿ ತರಿಸಿ ಹಾಕಿ, ಸೀಲ್ ಒಡೆಯೋದು ನನ್ನ ಕಣ್ಣೆದುರೇ ಆಗಬೇಕು. ಆ ಬ್ಯಾಟರಿ ಬರೋವರೆಗೆ ನಿಮ್ಮ ಸ್ವಂತ ಗಾಡಿ ಕೀ ಕೊಡಿ. ಹನ್ನೊಂದು ಮನೆ ಕಾಯ್ತಿದೆ.”

ಅಳಿಯ ಮಾವನ ಮುಖ ನೋಡಿದ. ಮಾವ ನೋಡಲಿಲ್ಲ. ಕೀಲಿ ಮೇಜಿನ ಮೇಲೆ ಬಿತ್ತು.

ಅವಳು ಅಳಿಯನ ಗಾಡಿಯಲ್ಲಿ ತಿರುವು ದಾಟುವುದರೊಳಗೆ ಮೇಸ್ತ್ರಿ ಹಿಂದಿನ ಶೆಡ್ಡಿಗೆ ಹೋಗಿದ್ದ. ಹಲಗೆಯ ಮೇಲೆ ಬಣ್ಣ ಬಳಿದ ಸೆಲ್ಲುಗಳು ಮೈ ಒಣಗಿಸಿಕೊಳ್ಳುತ್ತಿದ್ದವು. ಒಂದನ್ನು ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ, ತಂತಿ ಕಟ್ಟುವ ಬೋಲ್ಟನ್ನು ಬುಡಮಟ್ಟ ಗರಗಸದಿಂದ ಕೊಯ್ಯತೊಡಗಿದ. ಬೋಲ್ಟು ಹೋದ ಸೆಲ್ಲನ್ನು ಇನ್ನಾವ ಗಾಡಿಗೂ ಹಾಕಲಾಗದು.

“ಮಾವ, ಅಮ್ಮಂಗೆ ಹೇಳ್ತೀನಿ ನೋಡು!” ಅಳಿಯ ಬಾಗಿಲಲ್ಲಿ ನಿಂತು ಕೂಗಿದ.

“ಹೇಳು. ಊಟಕ್ಕೆ ಬರಲ್ಲ ಅಂತ್ಲೂ ಹೇಳು.”

ಹನ್ನೆರಡನೆಯದಕ್ಕೆ ಬ್ಲೇಡು ಮುರಿಯಿತು. ಮೇಸ್ತ್ರಿ ಇನ್ನೊಂದು ಬ್ಲೇಡು ಹುಡುಕಿ ಹಾಕಿಕೊಂಡ.