ಹದಿನೇಳನೆಯ ಪುಟದ ಗುರುತು

ಆ ಗ್ರಂಥಾಲಯಕ್ಕೆ ಬರುವವರೆಲ್ಲ ಅಲ್ಲಿನ ಗ್ರಂಥಪಾಲಕಿಯನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ರಬ್ಬರಮ್ಮ ಎನ್ನುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಕನ್ನಡಕದ ದಾರಕ್ಕೆ ಇನ್ನೊಂದು ದಾರ ಗಂಟು ಹಾಕಿ, ಅದರ ತುದಿಗೆ ಬಿಳಿ ರಬ್ಬರೊಂದನ್ನು ತೂಗುಬಿಟ್ಟುಕೊಂಡೇ ಆಕೆ ಓಡಾಡುತ್ತಿದ್ದದ್ದು. ಪುಸ್ತಕ ವಾಪಸು ಬಂತೆಂದರೆ ಕೌಂಟರಿನ ಮೇಲಿಟ್ಟು ಸರಸರನೆ ಪುಟ ತಿರುವುವಳು. ಎಲ್ಲಾದರೂ ಪೆನ್ಸಿಲ್ ಗೀಟು ಕಂಡರೆ ತಂದವರ ಮುಖವನ್ನೊಮ್ಮೆ ನೋಡಿ, ಮಾತಿಲ್ಲದೆ ರಬ್ಬರು ಎತ್ತಿಕೊಳ್ಳುವಳು. ಆ ನೋಟಕ್ಕೆ ಹೆದರಿ ಇಬ್ಬರು ವಕೀಲರು ಓದುವುದನ್ನೇ ಬಿಟ್ಟರೆಂದು ಬೀದಿಯಲ್ಲಿ ಹೇಳುತ್ತಾರೆ. ಒಬ್ಬರ ವಿಷಯವಂತೂ ನಿಜ.

ಹಾಗೆಂದು ಆಕೆಯನ್ನು ಗಯ್ಯಾಳಿ ಎಂದುಕೊಂಡರೆ ತಪ್ಪಾದೀತು. ಇರುವುದು ಒಂದೇ ಹಾಲು, ಮೂರು ಉದ್ದನೆಯ ಮೇಜು, ಐದು ನಿಮಿಷ ಮುಂದೆ ಓಡುವ ಗೋಡೆ ಗಡಿಯಾರ. ಅಷ್ಟರಲ್ಲೇ ಆಕೆ ಬೀದಿಯನ್ನೆಲ್ಲ ಸಂಭಾಳಿಸುತ್ತಿದ್ದಳು. ಕೆಲಸ ಹುಡುಕುವವರಿಗೆ ಅರ್ಜಿ ತುಂಬಿಕೊಡುವಳು. ಮನೆಯಲ್ಲಿ ಕೂತು ಓದಲು ಜಾಗವಿಲ್ಲದ ಹುಡುಗಿಯರಿಗೆ ಕಿಟಕಿ ಪಕ್ಕದ ಮೇಜನ್ನು ಯಾರಿಗೂ ಬಿಟ್ಟುಕೊಡದೆ ಕಾಯುವಳು. ಮಧ್ಯಾಹ್ನ ಪೇಪರನ್ನು ಮುಖದ ಮೇಲೆ ಹೊದ್ದು ಮಲಗುವ ಬಸ್ ಡ್ರೈವರನನ್ನು ಎಬ್ಬಿಸುತ್ತಿರಲಿಲ್ಲ. ಗೊರಕೆ ಶುರುವಾದರೆ ಮಾತ್ರ ಪಕ್ಕದ ಕುರ್ಚಿಯನ್ನು ಸ್ವಲ್ಪ ಜೋರಾಗಿ ಎಳೆಯುವಳು. ಆಕೆಗೆ ಸಹಿಸಲಾಗದ್ದು ಲೋಕದಲ್ಲಿ ಒಂದೇ ಒಂದು, ಪುಸ್ತಕದ ಮೇಲಿನ ಪೆನ್ಸಿಲ್ ಗುರುತು.

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದು, ಪುಸ್ತಕಗಳ ಲೆಕ್ಕ ತೆಗೆಯಲೆಂದು ಮೂರು ವಾರ ಬಾಗಿಲು ಹಾಕಿದಾಗ ಆಕೆಗೆ ಹಬ್ಬ. ಕಾದಂಬರಿಗಳ ಕಪಾಟಿನ ಎದುರು ಸ್ಟೂಲು ಹಾಕಿಕೊಂಡು ಕೂತವಳು ಒಂಬೈನೂರು ಪುಸ್ತಕಗಳನ್ನೂ ಅಳಿಸಿ ಅಳಿಸಿ ಹಸನು ಮಾಡಿದಳು. ಎಲ್ಲಿ ನೋಡಿದರೂ ಕೌಂಟರಿನ ಅವಸರದಲ್ಲಿ ಕಣ್ಣಿಗೆ ಬೀಳದೆ ಉಳಿದಿದ್ದ ಸಣ್ಣ ಸಣ್ಣ ಸೊನ್ನೆ, ಚುಕ್ಕಿ, ಇಂಟು ಗುರುತು. ಜನಕ್ಕೆ ಕೈ ಸುಮ್ಮನಿರುವುದಿಲ್ಲವಲ್ಲ ಎಂದು ಗೊಣಗುತ್ತಲೇ ಉಜ್ಜಿದಳು. ಕೊನೆಯ ದಿನ ರಬ್ಬರಿನ ಪುಡಿಯನ್ನು ಗುಡಿಸಿ ಎಸೆದಾಗ ಆಕೆಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಬಾಗಿಲು ತೆರೆದ ಮೂರನೆಯ ದಿನ ಬೀಗದ ಯಜಮಾನರು ಬಂದರು. ಎದುರು ಸಾಲಿನಲ್ಲಿ ಅವರದು ಬೀಗ ರಿಪೇರಿಯ ಅಂಗಡಿ, ಕಪಾಟಿನಷ್ಟೇ ಅಗಲ. ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮ, ಮೂವತ್ತು ವರ್ಷ ಇಲ್ಲಿಂದ ಕಾದಂಬರಿ ಒಯ್ದವಳು. ಹೋದ ವರ್ಷ ತೀರಿಕೊಂಡಳು. ಪೇಪರಿನ ತಲೆಬರಹ ಬಿಟ್ಟು ಬೇರೇನೂ ಓದದಿದ್ದ ಯಜಮಾನರು ಅದಾದ ಮೇಲೆ ಬಂದು ಕಾರ್ಡು ಮಾಡಿಸಿಕೊಂಡರು, ಹದಿನೈದು ದಿನಕ್ಕೊಂದು ಪುಸ್ತಕ ಒಯ್ಯತೊಡಗಿದರು. ಪಾಪ, ಹೊತ್ತು ಹೋಗಬೇಕಲ್ಲ ಎಂದು ರಬ್ಬರಮ್ಮ ಅಂದುಕೊಂಡಿದ್ದಳು.

ಆ ದಿನ ಅವರು ಒಂದು ಪುಸ್ತಕ ತೆಗೆದು, ತೆರೆದು, ಮುಚ್ಚಿ ಇಟ್ಟರು. ಇನ್ನೊಂದು ತೆಗೆದರು. ಹೀಗೆ ನಲವತ್ತಾದರೂ ಆಗಿರಬೇಕು.

"ಏನು ಹುಡುಕ್ತಿದ್ದೀರಿ ಯಜಮಾನ್ರೇ? ಹೆಸರು ಹೇಳಿ, ತೆಗೆದುಕೊಡ್ತೀನಿ."

"ಹೆಸರು ಗೊತ್ತಿಲ್ಲ ಮೇಡಂ. ನಮ್ಮನೆಯವಳು ಓದಿದ್ದು ಬೇಕು."

"ಅದು ನಿಮಗೆ ಹೇಗೆ ಗೊತ್ತಾಗತ್ತೆ?"

"ಹದಿನೇಳನೇ ಪುಟದಲ್ಲಿ ಗುರುತಿರತ್ತಲ್ಲ," ಎಂದರು ಅವರು. "ಓದಿ ಮುಗಿಸಿದ್ಮೇಲೆ ಪುಟದ ನಂಬರ್ ಕೆಳಗೆ ಒಂದು ಇಂಟು ಗುರುತು, ಅದಕ್ಕೊಂದು ಬಾಲ. ಗುಂಡಿ ಎಲ್ಲಿ ಬರ್ಬೇಕು ಅಂತ ಬಟ್ಟೆ ಮೇಲೆ ಹಾಕ್ತಿದ್ಲು, ಅದೇ ಗುರುತು. ಓದಿದ್ದನ್ನೇ ಮತ್ತೆ ಮನೆಗೆ ತರಬಾರ್ದು ಅಂತ." ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಹೇಳಿದರು: "ಓದಿದ ಕಥೆ ಹೇಳೋಕೆ ಬಂದಾಗೆಲ್ಲ, ಆಮೇಲೆ ಹೇಳೇ, ಕೈಯಲ್ಲಿ ಕೆಲಸ ಇದೆ ಅಂದೆ. ಮೂವತ್ತು ವರ್ಷ ಅದನ್ನೇ ಅಂದೆ. ಈಗ ಒಂದೊಂದಾಗಿ ಕೇಳಿಸ್ಕೊಳ್ತಾ ಇದ್ದೀನಿ ಅನ್ಕೊಳ್ಳಿ. ಹನ್ನೊಂದಾಯ್ತು. ಇವತ್ತು ನೋಡಿದ್ರೆ ಒಂದರಲ್ಲೂ ಗುರುತಿಲ್ಲ. ನನ್ನ ಕನ್ನಡಕದ ನಂಬರ್ ಏರಿತೋ ಏನೋ."

ರಬ್ಬರಮ್ಮ ಕಂಪ್ಯೂಟರಿನ ಕಡೆ ನೋಡಿದಳು. ಹಳೆಯ ಪದ್ಧತಿಯಲ್ಲಿ ಪುಸ್ತಕ ವಾಪಸು ಬಂದೊಡನೆ ಓದುಗರ ಕಾರ್ಡು ಓದುಗರ ಕೈಗೆ. ಯಾರು ಏನು ಓದಿದರೆಂಬುದಕ್ಕೆ ಆಮೇಲೆ ಎಲ್ಲೂ ದಾಖಲೆಯಿಲ್ಲ. ಕಂಪ್ಯೂಟರಿಗೆ ಗೊತ್ತಿದ್ದದ್ದು ಬರೀ ಮೂರು ದಿನದ ಸಂಗತಿ. ಮೂವತ್ತು ವರ್ಷದ ದಾಖಲೆ ಇದ್ದದ್ದು ಹದಿನೇಳನೆಯ ಪುಟದಲ್ಲಿ.

"ನಿಮ್ಮ ಕನ್ನಡಕ ಸರಿಯಾಗಿದೆ ಯಜಮಾನ್ರೇ," ಎಂದಳು. "ನಾನೇ ಅಳಿಸಿಬಿಟ್ಟೆ. ಎಲ್ಲ."

ಅವರು ಬೈಯಬಹುದಿತ್ತು. ಬೈಯಲಿಲ್ಲ. ಕೈಯಲ್ಲಿದ್ದ ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು, "ಬಿಡಿ ಮೇಡಂ, ನಿಮ್ಮ ಕೆಲಸ ನೀವು ಮಾಡಿದ್ರಿ," ಎಂದು ಬರಿಗೈಯಲ್ಲಿ ಹೊರಟುಹೋದರು. ಎರಡು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಆಕೆಗೆ ಅನಿಸಿತು.

ಬೈಯುವ ಕೆಲಸವನ್ನು ನಿವೃತ್ತ ನರ್ಸಮ್ಮ ವಹಿಸಿಕೊಂಡರು. ಪೇಪರಿನ ಮೇಜಿನಿಂದ ಎಲ್ಲ ಕೇಳಿಸಿಕೊಂಡವರು ಎದ್ದೇ ಬಂದರು. "ಹಾಗಾದ್ರೆ ನನ್ನ ಸೊನ್ನೆ ಅಳಿಸಿದ್ದೂ ನೀವೇನಾ? ನಿನ್ನೆ ಒಂದು ಪತ್ತೇದಾರಿ ಒಯ್ದು ಎಂಬತ್ತು ಪುಟ ಓದಿದ್ಮೇಲೆ ಗೊತ್ತಾಯ್ತು, ಕೊಲೆ ಮಾಡಿದ್ದು ಅಡುಗೆಯವನು ಅನ್ನೋದು ನಂಗೆ ಮೊದ್ಲೇ ಗೊತ್ತು!"

"ಅಯ್ಯೋ ಪುಣ್ಯಾತ್ಗಿತ್ತಿ, ಆ ಪುಸ್ತಕ ಈಗಷ್ಟೇ ನಾನು ತಗೊಂಡೆನಲ್ರೀ!" ಎಂದು ಬಾಗಿಲ ಬಳಿ ಪೋಸ್ಟ್‌ಮಾಸ್ಟರರು ತಲೆ ಚಚ್ಚಿಕೊಂಡರು.

ಚುಕ್ಕಿ ಪೋಸ್ಟ್‌ಮಾಸ್ಟರರದಂತೆ. ಬೀದಿಗೆ ಬೀದಿಯೇ ಈ ಪುಸ್ತಕಗಳೊಳಗೆ ಆಕೆಗೆ ಗೊತ್ತಿಲ್ಲದಂತೆ ಒಂದು ರಿಜಿಸ್ಟರು ಇಟ್ಟುಕೊಂಡಿತ್ತು, ತಾನು ಅದನ್ನು ಕೊಳೆ ಎಂದುಕೊಂಡು ಉಜ್ಜಿದ್ದೆ ಎಂದು ಆಕೆಗೆ ಆಗ ಅರ್ಥವಾಯಿತು. ನಾಚಿಕೆಯಾಯಿತು. ಅಳುವೂ ಬಂತು, ಕೌಂಟರಿನಲ್ಲಿ ಕೂತು ಅಳುವುದು ಹೇಗೆಂದು ಸುಮ್ಮನಾದಳು.

ಮರುದಿನ ಮಧ್ಯಾಹ್ನ ಕೌಂಟರನ್ನು ನರ್ಸಮ್ಮನಿಗೆ ವಹಿಸಿ, ಟೈಲರಮ್ಮನಿಗೆ ತಾನೇ ಸೀಲು ಹೊಡೆದುಕೊಟ್ಟ ನೆನಪಿದ್ದ ಒಂದು ಹಳೆಯ ಕಾದಂಬರಿ ಹಿಡಿದು ಆಕೆ ರಸ್ತೆ ದಾಟಿದಳು. ನೂರು ಅಳಿಸಿದ್ದಕ್ಕೆ ಒಂದನ್ನಾದರೂ ಕೊಟ್ಟು ಬರೋಣ ಎಂದು. ಯಜಮಾನರು ಕಳೆದುಹೋದ ಕೀಲಿಗೆ ಬದಲಿ ಮಾಡುತ್ತಿದ್ದರು. ಹಲ್ಲಿಲ್ಲದ ಹೊಸ ಕೀಲಿಯನ್ನು ಬೀಗದೊಳಗೆ ತೂರಿಸಿ, ತಿರುಗಿಸಿ, ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಏನು ಕಾಣತ್ತೆ ಅದರಲ್ಲಿ?"

"ಒಳಗೆ ಬೀಗ ಎಲ್ಲಿ ಕಚ್ಚಿದೆ ಅನ್ನೋದು. ಅಲ್ಲಲ್ಲೇ ಅರ ಹಾಕಿ ಉಜ್ಜಬೇಕು. ನೇರ ಹಿಡಿದ್ರೆ ಏನೂ ಕಾಣಲ್ಲ ಮೇಡಂ, ಓರೆ ಹಿಡಿದ್ರೆ..."

ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಆಕೆಯ ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು. ಯಜಮಾನರು ಎಣ್ಣೆ ಕೈಯನ್ನು ಒರೆಸಿ, ಮತ್ತೆ ಒರೆಸಿ, ಹದಿನೇಳನೆಯ ಪುಟ ತೆರೆದು ಬಿಸಿಲಿಗೆ ಓರೆಯಾಗಿ ಹಿಡಿದರು. ಪೆನ್ಸಿಲಿನ ಕಪ್ಪು ಒಂದಿಷ್ಟೂ ಇರಲಿಲ್ಲ. ರಬ್ಬರಮ್ಮನ ಕೆಲಸ ಅಂಥದ್ದು. ಆದರೆ ಅಂಕಿಯ ಕೆಳಗೆ ಕಾಗದ ತಗ್ಗಾಗಿತ್ತು. ಎರಡು ಗೀಟು, ಒಂದು ಬಾಲ.

"ಒತ್ತಿ ಬರೀತಿದ್ಲು," ಎಂದರು ಯಜಮಾನರು. "ದಪ್ಪ ಬಟ್ಟೆ ಮೇಲೆ ಗೀಟು ಎಳೆದ ಕೈ." ಹೆಬ್ಬೆರಳಿನಿಂದ ಅದನ್ನು ಸವರಿದರು. "ಸಿಕ್ಕಿದ್ಲು ನೋಡಿ."

ಅಲ್ಲಿಂದ ಒಂದು ತಿಂಗಳು, ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬೀಳುವ ಹೊತ್ತಿಗೆ ಸರಿಯಾಗಿ ಯಜಮಾನರು ಅಂಗಡಿ ಮುಚ್ಚಿ ಬರುವರು. ಅವರು ಪುಸ್ತಕ ಓರೆ ಹಿಡಿಯುವುದು, ರಬ್ಬರಮ್ಮ ಪಟ್ಟಿ ಬರೆಯುವುದು. ನರ್ಸಮ್ಮ ತನ್ನ ಸೊನ್ನೆಗಳನ್ನೂ ಬಿಡಲಿಲ್ಲ, ತನಗೊಂದು ಬೇರೆ ಪಟ್ಟಿ ಬರೆಸಿಕೊಂಡರು. ಓದಿದ ಹನ್ನೊಂದು ಬಿಟ್ಟು ಟೈಲರಮ್ಮನವು ಇನ್ನೂರ ಹದಿನಾಲ್ಕು ಸಿಕ್ಕವು.

"ಹದಿನೈದು ದಿನಕ್ಕೊಂದು ಅಂದ್ರೆ ಹತ್ತಿರ ಹತ್ತಿರ ಒಂಬತ್ತು ವರ್ಷ," ಎಂದು ಯಜಮಾನರು ಬೆರಳು ಮಡಚಿದರು. "ಎಪ್ಪತ್ತೊಂದಾಯ್ತು ನಂಗೆ."

"ಮಾತ್ರೆ ತಪ್ಪಿಸ್ಬೇಡಿ, ಆಗತ್ತೆ," ಎಂದರು ನರ್ಸಮ್ಮ.

ಯಜಮಾನರು ನಗಲಿಲ್ಲ. "ಈ ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ ಮೇಡಂ. ನೀಲಿ ರಟ್ಟಿಂದು. ಅವಳ ದಿಂಬಿನ ಪಕ್ಕ ಇತ್ತು, ನಾನೇ ತಂದು ವಾಪಸ್ ಕೊಟ್ಟೆ. ಅವಳ ಓದು ನೂರನಲವತ್ತನೇ ಪುಟಕ್ಕೆ ನಿಂತಿತ್ತು. ಎಲ್ಲ ಆದ್ಮೇಲೆ ಕೊನೇಲಿ ಓದೋಣ ಅಂತಿದ್ದೆ. ಈಗ ಭಯ ಆಗತ್ತೆ. ಮೊದ್ಲು ಅದನ್ನೇ ಕೊಟ್ಬಿಡಿ."

ಆಕೆ ತೆಗೆದುಕೊಟ್ಟಳು.

ಹನ್ನೊಂದನೆಯ ದಿನಕ್ಕೇ ಅವರು ಅದನ್ನು ಹಿಡಿದು ಬಂದರು. "ಮುಗೀತು. ನೂರನಲವತ್ತರವರೆಗೆ ಮನಸ್ಸಿನಲ್ಲೇ ಓದಿದೆ. ಅಲ್ಲಿಂದ ಜೋರಾಗಿ ಓದಿದೆ. ಮನೇಲಿ ಯಾರೂ ಇರ್ಲಿಲ್ಲ, ಆದ್ರೂ ಜೋರಾಗೇ ಓದಿದೆ."

ಹದಿನೇಳನೆಯ ಪುಟ ತೆರೆದು ಕೌಂಟರಿನ ಮೇಲಿಟ್ಟರು. ಬರಿದಾಗಿತ್ತು. ಓರೆ ಹಿಡಿದರೂ ಅಲ್ಲಿ ಏನೂ ಇರಲಿಲ್ಲ. ಅವರ ಕಣ್ಣು ಆಕೆಯ ಎದೆಯ ಮೇಲೆ ತೂಗುತ್ತಿದ್ದ ರಬ್ಬರಿನ ಮೇಲೆ ಹೋಯಿತು. ಕೇಳಲೋ ಬೇಡವೋ ಎಂಬಂತೆ ನಿಂತರು.

ರಬ್ಬರಮ್ಮ ಡ್ರಾಯರು ಎಳೆದು ತನ್ನ ಪೆನ್ಸಿಲನ್ನು ತೆಗೆದಳು, ಮೆಂಡರಿನಲ್ಲಿ ತಿರುಗಿಸಿ ಚೂಪು ಮಾಡಿ ಅವರ ಕೈಗಿಟ್ಟಳು. ಅವರು ಬಗ್ಗಿ, ಅಂಕಿಯ ಕೆಳಗೆ, ಹಗುರಾಗಿ ಒಂದು ಗೀಟು ಎಳೆದರು.

"ಒತ್ತಿ ಹಾಕಿ ಯಜಮಾನ್ರೇ," ಎಂದಳು ಆಕೆ. "ಇನ್ನೂ ಒತ್ತಿ. ನಾನು ರಿಟೈರ್ ಆದ್ಮೇಲೆ ಇನ್ನೊಬ್ಬಳು ಬರ್ತಾಳೆ, ಅವಳ ಹತ್ರನೂ ರಬ್ಬರ್ ಇರತ್ತೆ."